ಒಂದೇ ಸೂರು, ಎರಡು ಒಲೆ

ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ರೈಲು ಹಾದುಹೋಗುವ ಸದ್ದು ಕೇಳಿಸುವಷ್ಟು ದೂರದಲ್ಲಿ, ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಮನೆ. ಮೇಷ್ಟರು ತಮ್ಮ ಸೇವಾವಧಿಯನ್ನೆಲ್ಲ ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಶಾಲೆಗಳಲ್ಲಿಯೇ ಸವೆಸಿದವರು. ಸಂಬಳ ತಂದುಕೊಟ್ಟ ಕೆಲಸ ಪಾಠ ಹೇಳುವುದು. ಮನಸ್ಸಿಗೆ ಒಗ್ಗಿದ ಕೆಲಸ ಬೇರೆ. ಸಂಜೆಯ ಹೊತ್ತು ಜಗುಲಿಗಳ ಮೇಲೆ ಕುಳಿತು, ಹೆಂಗಸರ ಬಾಯಿಂದ ಬೀಸುವ ಪದ, ಸೋಬಾನೆ ಪದ, ಹಸೆಗೆ ಕರೆಯುವ ಹಾಡು ಇವುಗಳನ್ನೆಲ್ಲ ಅವರು ನೋಟುಬುಕ್ಕುಗಳಲ್ಲಿ ಬರೆದುಕೊಳ್ಳುತ್ತಿದ್ದರು. ಹನ್ನೊಂದು ಪುಸ್ತಕಗಳು ತುಂಬಿದವು. 2003ರಲ್ಲಿ ಅವನ್ನು ಪೇಟೆಯ ಡಿ.ಟಿ.ಪಿ. ಅಂಗಡಿಯೊಂದಕ್ಕೆ ಕೊಟ್ಟು ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿ, ಒಂದು ಸಿ.ಡಿ.ಯಲ್ಲಿ ತುಂಬಿಸಿಕೊಂಡು ಬಂದರು. ಅಚ್ಚು ಹಾಕಿಸುವ ಆಸೆಯಿತ್ತು; ಹಣ ಒದಗಲಿಲ್ಲ. ಮುಂದೆ ನೋಟುಬುಕ್ಕುಗಳಿಗೆ ಗೆದ್ದಲು ಹಿಡಿಯಿತು. ಹಾಡಿದವರಲ್ಲಿ ಬಹುಮಂದಿ ಕಾಲವಾದರು. ಉಳಿದದ್ದು ಸಿ.ಡಿ.ಯಿಂದ ಪೆನ್ ಡ್ರೈವಿಗೆ ದಾಟಿಬಂದ ಕಡತಗಳು ಮಾತ್ರ.

ಉಳಿದವರಲ್ಲಿ ಒಬ್ಬರು ಮೇಷ್ಟರ ಸ್ವಂತ ಅಕ್ಕ. ಎಂಬತ್ತೆಂಟು ವಯಸ್ಸಿನ ಆಕೆ ಕುಣಿಗಲಿನಲ್ಲಿ ಮಗನ ಮನೆಯಲ್ಲಿದ್ದಾರೆ. ಮರೆವು ದಿನದಿನಕ್ಕೆ ಹೆಚ್ಚುತ್ತಿದೆ. ಹಾಡಿನ ಮೊದಲ ಸಾಲು ಬರುತ್ತದೆ, ಎರಡನೆಯದು ಬಾರದು. ಕಳೆದ ಮಳೆಗಾಲದಲ್ಲಿ ಆಕೆ ತಮ್ಮನಿಗೆ ಫೋನು ಮಾಡಿ, “ನೀನು ಬರಕೊಂಡಿದ್ದೆಯಲ್ಲೋ, ಅದರಲ್ಲಿ ನೋಡಿ ಮುಂದಿನದು ಹೇಳೋ” ಎಂದು ಕೇಳಿದರು. ಮೇಷ್ಟರು ಕಡತವನ್ನು ಮೊಬೈಲಿನಲ್ಲಿ ತೆರೆದು ನೋಡಿದರೆ ಒಂದು ಕನ್ನಡ ಅಕ್ಷರವೂ ಇಲ್ಲ! ಕಿರೀಟ ಹೊತ್ತ, ಬಾಲ ಕಟ್ಟಿಕೊಂಡ ರೋಮನ್ ಅಕ್ಷರಗಳು ಸಾಲುಸಾಲಾಗಿ ನಿಂತಿದ್ದವು.

ಇದು ಮೇಷ್ಟರೊಬ್ಬರ ಮನೆಯ ಕಥೆಯಲ್ಲ. ಆ ದಶಕದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆಸಿಕೊಂಡ ಎಷ್ಟೋ ಮನೆಗಳಲ್ಲಿ, ಮುದ್ರಣಾಲಯಗಳಲ್ಲಿ ಇದೇ ಕಗ್ಗಂಟು ಕುಳಿತಿದೆ. ಕಾರಣ ಸರಳ. ಆಗಿನ ಕನ್ನಡ ತಂತ್ರಾಂಶಗಳು ಯಂತ್ರಕ್ಕೆ ಕನ್ನಡವನ್ನು ಕಲಿಸಿರಲಿಲ್ಲ. ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ನುಡಿಯ ಅಕ್ಷರಶೈಲಿಯಲ್ಲಿ ‘ಕ’ ಎಂಬುದು ಒಂದು ಅಕ್ಷರವಲ್ಲ, ಎರಡು ತುಂಡು: ರೋಮನ್ ‘ಪಿ’ಯ ಮನೆಯಲ್ಲಿ ಕಕಾರದ ಒಡಲು, ಕಿರೀಟವಿರುವ ‘ಎ’ಯ ಮನೆಯಲ್ಲಿ ತಲೆಕಟ್ಟು. ಆ ಅಕ್ಷರಶೈಲಿ ಯಂತ್ರದಲ್ಲಿದ್ದರೆ ಕಣ್ಣಿಗೆ ಕನ್ನಡ. ಇಲ್ಲದಿದ್ದರೆ ಪಿ ಮತ್ತು ಎ. ಆ ಕಾಲಕ್ಕೆ ಅದು ಜಾಣ ಉಪಾಯವೇ. ಅದಿಲ್ಲದಿದ್ದರೆ ಈ ಹಾಡುಗಳು ಗೆದ್ದಲಿನ ಹೊಟ್ಟೆ ಸೇರುತ್ತಿದ್ದವು. ಯೂನಿಕೋಡಿನಲ್ಲಾದರೋ ಕನ್ನಡಕ್ಕೆ ಸ್ವಂತ ಮನೆಗಳಿವೆ. 1991ರ ಮೊದಲ ಆವೃತ್ತಿಯಿಂದಲೇ 128 ಸ್ಥಾನಗಳ ಒಂದು ಕೇರಿಯನ್ನೇ ಕನ್ನಡಕ್ಕೆ ಬಿಟ್ಟುಕೊಡಲಾಗಿದೆ.

ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವುದು ಅಂಚೆಯ ವಿಳಾಸ ಬದಲಿಸಿದಷ್ಟು ಸುಲಭವಲ್ಲ. ‘ಧರ್ಮ’ ಎಂದು ಬರೆಯುವಾಗ ಕೈ ಅರ್ಕಾವೊತ್ತನ್ನು ಮಕಾರದ ನಂತರ ಹಾಕುತ್ತದೆ. ನುಡಿಯ ಕಡತದಲ್ಲಿಯೂ ಅದು ಮಕಾರದ ನಂತರವೇ ಇರುತ್ತದೆ. ಆದರೆ ಯೂನಿಕೋಡು ಬರೆಯುವ ಕೈಯನ್ನಲ್ಲ, ಉಚ್ಚರಿಸುವ ನಾಲಗೆಯನ್ನು ಅನುಸರಿಸುತ್ತದೆ. ರೇಫ ಮೊದಲು, ಮಕಾರ ಆಮೇಲೆ. ಹೀಗಾಗಿ ಪ್ರತಿಯೊಂದು ಅರ್ಕಾವೊತ್ತನ್ನೂ ಎತ್ತಿ ಹಿಂದಕ್ಕೆ ಕೂರಿಸಬೇಕು. ಒತ್ತಕ್ಷರಗಳಿಗೂ ಇಂಥದೇ ಸ್ಥಳಾಂತರ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದಿದವರಿಗೆ ಇದು ವ್ಯಾಕರಣದ ಪಾಠದಂತೆ ಕಂಡರೆ ಆಶ್ಚರ್ಯವಿಲ್ಲ.

ಮೇಷ್ಟರ ಮೊಮ್ಮಗಳು ಇಂಜಿನಿಯರಿಂಗ್ ವಿದ್ಯಾರ್ಥಿನಿ. “ತಾತ, ಇಷ್ಟೇ ತಾನೆ? ಭಾನುವಾರ ಮಾಡಿಕೊಡುತ್ತೇನೆ” ಎಂದಳು. ಅಂಥ ಪರಿವರ್ತನೆಗೆಂದೇ ಹಲವು ವರ್ಷಗಳ ಹಿಂದೆ ಯಾರೋ ಬರೆದ ಒಂದು ಚಿಕ್ಕ ಕಾರ್ಯಕ್ರಮ ಅವಳ ಗೆಳತಿಯ ಬಳಿ ಇತ್ತು. ಅದು ಪೈಥಾನ್ ಭಾಷೆಯದು. ಅವಳ ಯಂತ್ರದಲ್ಲಿಯೂ ಪೈಥಾನ್ ಇತ್ತು. ಇನ್ನೇನು ಬೇಕು?

ಬೇಕಾದದ್ದು ಬಹಳ ಇತ್ತೆಂಬುದು ಭಾನುವಾರ ಮಧ್ಯಾಹ್ನದ ಊಟದ ವೇಳೆಗೆ ತಿಳಿದುಬಂತು.

ಪೈಥಾನ್ ಎಂಬುದು ಯಂತ್ರಕ್ಕೆ ಆಜ್ಞೆ ಕೊಡುವ ಭಾಷೆಗಳಲ್ಲೊಂದು. ಡಚ್ ವಿದ್ವಾಂಸ ಗೀಡೊ ವಾನ್ ರಾಸಮ್ ಇದನ್ನು 1991ರಲ್ಲಿ ಲೋಕದ ಮುಂದಿಟ್ಟರು. ಹೆಸರು ಹೆಬ್ಬಾವಿನಿಂದ ಬಂದದ್ದಲ್ಲ, ಇಂಗ್ಲೆಂಡಿನ ಒಂದು ಹಾಸ್ಯ ತಂಡದ ಹೆಸರಿನಿಂದ ಬಂದದ್ದು. 2000ದಲ್ಲಿ ಎರಡನೆಯ ಆವೃತ್ತಿ ಹೊರಬಂತು. 2008ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಭಾಷೆಯ ಕರ್ತರು ಒಂದು ಸಾಹಸ ಮಾಡಿದರು: ಹಳೆಯ ತಪ್ಪುಗಳನ್ನು ತಿದ್ದುವುದಕ್ಕಾಗಿ ಹಳೆಯದರೊಡನೆ ನಂಟನ್ನೇ ಕಡಿದುಕೊಂಡರು. ಎರಡರಲ್ಲಿ ಬರೆದದ್ದು ಮೂರರಲ್ಲಿ ನಡೆಯುತ್ತದೆಂಬ ಭರವಸೆ ಹೋಯಿತು. ಹಾಲು ಹಿಂದೆ ‘ಪಾಲ್’ ಆಗಿತ್ತು, ಹೂವು ‘ಪೂ’ ಆಗಿತ್ತು. ಆದರೆ ನಮ್ಮ ನಾಡಿನಲ್ಲಿ ಪಕಾರ ಹಕಾರವಾಗಲು ಶತಮಾನಗಳೇ ಹಿಡಿದವು. ಪೈಥಾನಿನಲ್ಲಿ ಒಂದು ದಿನಾಂಕ ಗೊತ್ತುಮಾಡಿದರು. ಎರಡನೆಯ ಆವೃತ್ತಿಯ ಪೋಷಣೆ ಮೊದಲು 2015ಕ್ಕೆ ನಿಲ್ಲಬೇಕಿತ್ತು. ಜನ ಒಕ್ಕಲೆಬ್ಬದ ಕಾರಣ 2020ರ ಜನವರಿ 1ರವರೆಗೆ ಗಡುವು ನೀಡಿದರು. ಕೊನೆಯ ಪ್ರತಿ 2.7.18 ಅದೇ ವರ್ಷದ ಏಪ್ರಿಲಿನಲ್ಲಿ ಬಂತು. ಅಲ್ಲಿಗೆ ಅದರ ಬಾಗಿಲು ಮುಚ್ಚಿತು.

ಹುಡುಗಿಯ ಬಳಿಯಿದ್ದ ಕಾರ್ಯಕ್ರಮ ಎರಡನೆಯ ಆವೃತ್ತಿಯದು, ಯಂತ್ರದಲ್ಲಿದ್ದದ್ದು ಮೂರನೆಯದು. ಮೊದಲ ಸಾಲಿನಲ್ಲಿಯೇ ಯಂತ್ರ ಮುನಿಸಿಕೊಂಡಿತು. ‘ಮುದ್ರಿಸು’ ಎಂಬ ಆಜ್ಞೆಯ ಮುಂದಿರುವುದನ್ನು ಹೊಸ ಪೈಥಾನಿನಲ್ಲಿ ಆವರಣ ಚಿಹ್ನೆಗಳೊಳಗೆ ಇಡಬೇಕು. ಅವಳು ಇಟ್ಟಳು. ಮುಂದೆ ಭಾಗಾಕಾರ. ಹಳೆಯ ಪೈಥಾನಿನಲ್ಲಿ ಏಳನ್ನು ಎರಡರಿಂದ ಭಾಗಿಸಿದರೆ ಮೂರು, ಹೊಸದರಲ್ಲಿ ಮೂರೂವರೆ. ಗಣಿತಕ್ಕೆ ಮೂರೂವರೆಯೇ ಸರಿ. ಆದರೆ ಅಕ್ಷರಗಳ ಕೋಷ್ಟಕದ ನಡುವಿನ ಮನೆಯನ್ನು ಹುಡುಕುತ್ತ ಹೋದ ಕಾರ್ಯಕ್ರಮಕ್ಕೆ ‘ಮೂರೂವರೆಯನೆಯ ಮನೆ’ ಎಲ್ಲಿ ಸಿಕ್ಕೀತು? ಅದನ್ನೂ ತಿದ್ದಿದಳು.

ಮೂರನೆಯ ತೊಡಕು ನಿಜವಾದದ್ದು. ಎರಡು ಆವೃತ್ತಿಗಳ ಜಗಳದ ಮೂಲವೂ ಅದೇ. ‘ಕನ್ನಡ’ ಎಂಬ ಶಬ್ದದಲ್ಲಿ ಎಷ್ಟು ಅಕ್ಷರಗಳಿವೆ? ಮೇಷ್ಟರನ್ನು ಕೇಳಿದರೆ ಮೂರು. ಹೊಸ ಪೈಥಾನನ್ನು ಕೇಳಿದರೆ ಐದು: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ. ಹಳೆಯ ಪೈಥಾನನ್ನು ಹಾಗೆಯೇ ಕೇಳಿದರೆ ಹದಿನೈದು! ಅದು ಅಕ್ಷರವನ್ನು ಎಣಿಸದೆ, ಅಕ್ಷರವನ್ನು ಕೂಡಿಟ್ಟ ಬೈಟುಗಳನ್ನು ಎಣಿಸುತ್ತದೆ. ರೂಢಿಯ ಯೂನಿಕೋಡ್ ಬರವಣಿಗೆಯಲ್ಲಿ ಕನ್ನಡದ ಪ್ರತಿ ಸ್ಥಾನಕ್ಕೂ ಮೂರು ಬೈಟು. ಕಾಳಿನ ಲೆಕ್ಕ ಕೇಳಿದರೆ ಚೀಲದ ಹೊಲಿಗೆ ಎಣಿಸಿದಂತೆ. ಹೊಸ ಆವೃತ್ತಿ ಈ ಗೊಂದಲವನ್ನು ತೊಡೆದುಹಾಕಿ, ಪಠ್ಯ ಬೇರೆ, ಬೈಟು ಬೇರೆ ಎಂದು ಗೆರೆ ಎಳೆಯಿತು. ಇಂಗ್ಲಿಷ್ ಮಾತ್ರ ಬರೆಯುವವರಿಗೆ ಇದು ಕಿರಿಕಿರಿಯಾಗಿ ಕಂಡಿರಬಹುದು. ಕನ್ನಡದಂಥ ಭಾಷೆಗಳಿಗೆ ಉಪಕಾರವೇ ಆಯಿತು.

ಆದರೆ ಮೇಷ್ಟರ ಕಡತ ಯೂನಿಕೋಡಲ್ಲ. ಒಂದು ತುಂಡಿಗೆ ಒಂದು ಬೈಟಿನ ಹಳೆಯ ಬರಹ. ಹೊಸ ಪೈಥಾನ್ ಅದನ್ನು ಯೂನಿಕೋಡೆಂದೇ ಭಾವಿಸಿ ಓದಲು ಹೋಗಿ, “ಇದು ನನಗೆ ಅರ್ಥವಾಗದು” ಎಂದು ನಿಂತಿತು. ಬೇಸತ್ತ ಹುಡುಗಿ, ಅರ್ಥವಾಗದ್ದನ್ನು ಬಿಟ್ಟು ಮುಂದೆ ಓದೆಂದು ಅಪ್ಪಣೆ ಕೊಟ್ಟಳು. ಅದು ಅಕ್ಷರಶಃ ಪಾಲಿಸಿತು. ಅರ್ಥವಾಗದ್ದರಲ್ಲಿ ತಲೆಕಟ್ಟೂ ಇತ್ತು, ಅರ್ಕಾವೊತ್ತೂ ಇತ್ತು. ತಲೆಕಟ್ಟು ಹಾರಿಹೋದ ಹಾಡುಗಳು ಪರದೆಯ ಮೇಲೆ ಬೋಳುಬೋಳಾಗಿ ಬಂದು ನಿಂತಾಗ ಮೇಷ್ಟರ ಮುಖ ಸಪ್ಪಗಾಯಿತು. ಪುಣ್ಯವಶಾತ್, ಕೆಲಸಕ್ಕೆ ಕೂರುವ ಮೊದಲು ಅವರು ಒಂದು ಹಟ ಹಿಡಿದಿದ್ದರು: “ಮೂಲಪ್ರತಿಯ ಮೇಲೆ ಗೀಚಬಾರದು, ಪುಟ್ಟಿ. ನಕಲು ಮಾಡಿಕೊ.” ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ಕೈಯ ಶಿಸ್ತು ಅಂದು ಹಾಡುಗಳನ್ನು ಕಾಪಾಡಿತು.

ಇಲ್ಲಿಗೆ ನಿಲ್ಲಿಸಿದ್ದರೆ ಕ್ಷೇಮವಿತ್ತು. ಅವಳು ನಿಲ್ಲಿಸಲಿಲ್ಲ. ಇದೇ ಕೆಲಸಕ್ಕೆ ನೆರವಾಗುವ ಹೊಸ ಪ್ಯಾಕೇಜೊಂದು ಸಿಕ್ಕಿತು. ಅದಕ್ಕೆ 3.10ಕ್ಕಿಂತ ಮುಂದಿನ ಪೈಥಾನ್ ಬೇಕೆಂದು ಬರೆದಿತ್ತು. ಅವಳ ಉಬುಂಟು 22.04ರಲ್ಲಿದ್ದದ್ದು ಸರಿಯಾಗಿ 3.10. ಅವಳು 3.12ನ್ನೂ ತಂದು ಕೂರಿಸಿದಳು. ಕೂರಿಸಿದ್ದು ತಪ್ಪಲ್ಲ, ಒಂದೇ ಯಂತ್ರದಲ್ಲಿ ಹಲವು ಪೈಥಾನುಗಳು ಅಕ್ಕಪಕ್ಕದಲ್ಲಿ ಇರಬಹುದು. ತಪ್ಪಾದದ್ದು ಮುಂದಿನ ಹೆಜ್ಜೆ. ‘ಪೈಥಾನ್ 3’ ಎಂದು ಕರೆದರೆ ಯಾವುದು ಓಗೊಡಬೇಕೆಂದು ತೋರಿಸುವ ಒಂದು ಕೈಮರ ಯಂತ್ರದೊಳಗಿರುತ್ತದೆ. ಅವಳು ಆ ಕೈಮರವನ್ನೇ ಹೊಸದರ ಕಡೆಗೆ ತಿರುಗಿಸಿಬಿಟ್ಟಳು.

ಆ ಕೈಮರವನ್ನು ನಂಬಿಕೊಂಡು ನಡೆಯುವವಳು ಅವಳೊಬ್ಬಳೇ ಆಗಿರಲಿಲ್ಲ. ಉಬುಂಟುವಿನ ಹಲವು ಸ್ವಂತ ಉಪಕರಣಗಳು ಪೈಥಾನಿನಲ್ಲಿಯೇ ಬರೆದವು. ಅವಕ್ಕೆ ಬೇಕಾದ ಜೊತೆಗಾರ ಪ್ಯಾಕೇಜುಗಳು 3.10ಕ್ಕೆ ಹೊಲಿದ ಅಂಗಿಯಂತೆ ಅದಕ್ಕೆ ಮಾತ್ರ ಹೊಂದುತ್ತವೆ. ಕೈಮರ ತಿರುಗಿದ ಮರುಕ್ಷಣ, ಯಂತ್ರಕ್ಕೆ ಆಜ್ಞೆ ಬರೆಯುವ ಕಿಟಕಿಯೇ ತೆರೆಯದಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಯಂತ್ರದಲ್ಲಿ ಅವಳ ಕಾಲೇಜಿನ ಯೋಜನೆಯಿತ್ತು: ತೆಂಗಿನ ಗರಿಯ ಚಿತ್ರ ನೋಡಿ ರೋಗ ಗುರುತಿಸುವ ಕಾರ್ಯಕ್ರಮ, ಒಪ್ಪಿಸಲು ಉಳಿದದ್ದು ಒಂಬತ್ತು ದಿನ. ಅದಕ್ಕೆ ಲೆಕ್ಕ ಮಾಡಿಕೊಡುವ ‘ನಮ್‌ಪೈ’ ಎಂಬ ಪ್ಯಾಕೇಜು 3.10ರ ಮನೆಯಲ್ಲಿತ್ತು. 3.12ಕ್ಕೆಂದು ಈಗಾಗಲೇ ಹೊಸದಾಗಿ ತರಿಸಿದ್ದ ನಮ್‌ಪೈ ಎರಡನೆಯ ಆವೃತ್ತಿಯದು. 2024ರ ಜೂನಿನಲ್ಲಿ ಹೊರಬಂದದ್ದು. ಯೋಜನೆಯ ಇನ್ನೊಂದು ಪ್ಯಾಕೇಜು ಮೊದಲನೆಯ ಆವೃತ್ತಿಗೆ ಕಟ್ಟಿದ್ದು. ಅದು ಇದರೊಡನೆ ಕೂಡಿ ಬಾಳಲು ಒಪ್ಪಲಿಲ್ಲ. ಹಾಡೂ ಇಲ್ಲ, ತೆಂಗೂ ಇಲ್ಲ, ಕಿಟಕಿಯೂ ಇಲ್ಲ. ಹುಡುಗಿ ಊಟ ಬಿಟ್ಟು ಕುಳಿತಳು.

“ಏನಮ್ಮಾ ಆಯಿತು, ನನಗೆ ಅರ್ಥವಾಗುವ ಹಾಗೆ ಹೇಳು” ಎಂದರು ಮೇಷ್ಟರು. ಅವಳು ಹೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ನಮ್ಮ ರೈಲಿನ ಕಥೆ” ಎಂದರು.

ಅವರ ಯೌವನದಲ್ಲಿ ಬೆಂಗಳೂರಿನಿಂದ ತುಮಕೂರಿನ ಮೇಲೆ ಹರಿಹರದ ಕಡೆಗೆ ಹೋಗುತ್ತಿದ್ದ ಹಳಿ ಮೀಟರ್ ಗೇಜು. ಮದರಾಸಿನಿಂದ ಬೆಂಗಳೂರಿಗೆ ಬರುತ್ತಿದ್ದದ್ದು ಬ್ರಾಡ್ ಗೇಜು. ಒಂದರ ಅಗಲ 1,000 ಮಿಲಿಮೀಟರು, ಇನ್ನೊಂದರದು 1,676. ಎಂಜಿನ್ನು ಎಷ್ಟೇ ಬಲವಾಗಿರಲಿ, ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಗೇಜು ಬದಲಾಗುವ ನಿಲ್ದಾಣದಲ್ಲಿ ಮೂಟೆಗಳನ್ನು ಇಳಿಸಿ ಹೊತ್ತು ಇನ್ನೊಂದು ಗಾಡಿಗೆ ಏರಿಸಬೇಕಿತ್ತು. “ಗಾಡಿಯ ಚಕ್ರವನ್ನು ಬಡಿದು ಅಗಲ ಮಾಡಲು ಹೊರಟೆ ನೀನು. ಇನ್ನೊಂದು ಹಳಿ ಹಾಕಲು ಬರುವುದಿಲ್ಲವೆ?” ಎಂದು ಕೇಳಿದರು.

ಬರುತ್ತದೆ. ಮೇಷ್ಟರ ಪ್ರಶ್ನೆಗೆ ಆ ಲೋಕದವರು ಕಂಡುಕೊಂಡಿರುವ ಉತ್ತರವೂ ಅದೇ. ಅವಿಭಕ್ತ ಕುಟುಂಬದಲ್ಲಿ ಮಡಿಯ ಅಜ್ಜಿಗೆ ಒಂದು ಒಲೆ, ಈರುಳ್ಳಿ ತಿನ್ನುವ ಮಕ್ಕಳಿಗೆ ಇನ್ನೊಂದು ಒಲೆ ಇರುತ್ತಿತ್ತಲ್ಲ, ಹಾಗೆ. ಪ್ರತಿಯೊಂದು ಕೆಲಸಕ್ಕೂ ಒಂದು ಪ್ರತ್ಯೇಕ ಕೋಣೆ, ಆ ಕೋಣೆಗೆ ಬೇಕಾದ ಆವೃತ್ತಿಯ ಪೈಥಾನ್, ಅದಕ್ಕೆ ಬೇಕಾದ ಪ್ಯಾಕೇಜುಗಳು ಮಾತ್ರ. ಒಂದು ಕೋಣೆಯ ಉಪ್ಪು ಇನ್ನೊಂದರ ಸಾರಿಗೆ ಬೀಳದು. ಇದಕ್ಕೆ ವರ್ಚುಯಲ್ ಎನ್ವಿರಾನ್‌ಮೆಂಟ್ ಎಂದು ಹೆಸರು. ಕನ್ನಡದಲ್ಲಿ ಕೋಣೆ ಎಂದರೆ ಸಾಕು. 2012ರಲ್ಲಿ ಬಂದ ಪೈಥಾನ್ 3.3ರಿಂದ ಈ ಕೋಣೆ ಕಟ್ಟುವ ಉಪಕರಣ ಭಾಷೆಯ ಜೊತೆಯಲ್ಲಿಯೇ ಬರುತ್ತದೆ. ಮನೆಯ ದೇವರ ಒಲೆಗೆ, ಎಂದರೆ ಯಂತ್ರವೇ ನೆಚ್ಚಿಕೊಂಡಿರುವ ಪೈಥಾನಿಗೆ, ಯಾರೂ ಕೈಹಾಕಬಾರದು. ಇದನ್ನು ಜನ ಎಷ್ಟು ಸಲ ಮೀರಿದರೆಂದರೆ, 2023ರಿಂದೀಚೆಗೆ ಡೆಬಿಯನ್ ಹಾಗೂ ಉಬುಂಟುವಿನ ಹೊಸ ಆವೃತ್ತಿಗಳು ಆ ಒಲೆಗೆ ಹೊರಗಿನ ಪ್ಯಾಕೇಜು ಹಾಕಲು ಹೋದರೆ ತಾವೇ ತಡೆಯುತ್ತವೆ. ಹುಡುಗಿಯ ಯಂತ್ರ ಅದಕ್ಕಿಂತ ಹಿಂದಿನದು.

ಮರುದಿನ ಸಂಜೆ ಹಿರಿಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ ದಾರಿ ತೋರಿಸಿದಳು. ಕಿಟಕಿ ತೆರೆಯದಿದ್ದರೂ ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಪ್ಪು ಪರದೆಯೊಂದು ಬರುತ್ತದೆ. ಅದಕ್ಕೆ ಆ ಕೈಮರದ ಹಂಗಿಲ್ಲ. ಅಲ್ಲಿಂದ ಕೈಮರವನ್ನು ಮತ್ತೆ 3.10ರ ಕಡೆಗೆ ತಿರುಗಿಸಿದ್ದಾಯಿತು. ಕಿಟಕಿ ತೆರೆಯಿತು. ಆಮೇಲೆ ತೆಂಗಿನ ಯೋಜನೆಗೆ ಒಂದು ಕೋಣೆ: ಪೈಥಾನ್ 3.10, ನಮ್‌ಪೈ 1.26.4, ಅದಕ್ಕಿಂತ ಒಂದು ಅಂಕಿ ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಈ ಅಂಕಿಗಳ ಬಗ್ಗೆ ಒಂದು ಮಾತು. ಮೊದಲ ಅಂಕಿ ಬದಲಾದರೆ ಹಳೆಯದು ಮುರಿಯಬಹುದು. ನಡುವಿನದು ಬದಲಾದರೆ ಹೊಸ ಸೌಕರ್ಯ ಬಂದಿದೆ. ಕೊನೆಯದು ಬದಲಾದರೆ ಬರಿಯ ತಿದ್ದುಪಡಿ. ಇದು ಹಲವರು ಒಪ್ಪಿದ ಸಂಪ್ರದಾಯವೇ ಹೊರತು ಕಾನೂನಲ್ಲ. ಎಲ್ಲರೂ ಪಾಲಿಸುತ್ತಾರೆಂದು ನಂಬಿದವರು ಕೆಡುತ್ತಾರೆ. ಪೈಥಾನ್ ಭಾಷೆ ಕೂಡ ಇದನ್ನು ಪೂರ್ತಿ ಪಾಲಿಸುವುದಿಲ್ಲ. ಇಬ್ಬರು ನೆಂಟರು ಒಂದೇ ಹೊತ್ತಿಗೆ ಬಂದು, ಒಬ್ಬರು ನಮ್‌ಪೈ ಒಂದೇ ಬೇಕೆಂದೂ ಇನ್ನೊಬ್ಬರು ಎರಡೇ ಬೇಕೆಂದೂ ಹಟ ಹಿಡಿದರೆ ಒಂದು ಕೋಣೆಯಲ್ಲಿ ಇಬ್ಬರಿಗೂ ಬಡಿಸಲಾಗದು. ಇಬ್ಬರೂ ಒಪ್ಪುವ ಹಿಂದಿನ ಅಥವಾ ಮುಂದಿನ ಪ್ರತಿಯೊಂದನ್ನು ಹುಡುಕಬೇಕು. ಪ್ಯಾಕೇಜು ತರುವ ‘ಪಿಪ್’ ಎಂಬ ಪರಿಚಾರಕ 2020ರ ನವೆಂಬರಿನವರೆಗೆ ಮೊದಲು ಕೇಳಿದವರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ. ಅಂದು ಬಂದ 20.3ರಿಂದ ಎಲ್ಲರ ಬೇಡಿಕೆಯನ್ನೂ ಒಟ್ಟಿಗೆ ತೂಗಿ ನೋಡುತ್ತಾನೆ. ಹೊಂದದಿದ್ದರೆ ಯಾರಿಗೆ ಯಾರೊಡನೆ ವಿರಸವೆಂದು ಹೆಸರು ಹಿಡಿದು ಹೇಳುತ್ತಾನೆ. ಆ ದೂರನ್ನು ಓದದೆ ಮುಚ್ಚುವುದು ವಿದ್ಯಾರ್ಥಿಗಳ ಸಾಮಾನ್ಯ ದೋಷ.

ಹಾಡುಗಳಿಗೆ ಎರಡನೆಯ ಕೋಣೆ. ಮುಚ್ಚಿದ ಅಂಗಡಿಯ ಸಾಮಾನನ್ನು ತರಬೇಕಾದ ಕಾರಣ ಇದು ಹೆಚ್ಚು ಕಷ್ಟದ್ದು. ಪೈಥಾನ್ 2.7.18ರ ಮೂಲವನ್ನು ಇಳಿಸಿಕೊಂಡು ಅವಳ ಸ್ವಂತ ಕಪಾಟಿನಲ್ಲಿ ಬೇರೆಯಾಗಿ ಕಟ್ಟಿದ್ದಾಯಿತು. ಎರಡನೆಯ ಆವೃತ್ತಿಯ ಜೊತೆ ಕೋಣೆ ಕಟ್ಟುವ ಉಪಕರಣ ಬರುವುದಿಲ್ಲ, ಹೊರಗಿನದನ್ನು ತರಬೇಕು. ತಂದ ಹೊಸ ಪ್ರತಿ, “ಇಷ್ಟು ಹಳೆಯ ಪೈಥಾನಿಗೆ ನಾನು ಕೋಣೆ ಕಟ್ಟುವುದನ್ನು ಬಿಟ್ಟಿದ್ದೇನೆ” ಎಂದಿತು! 2023ರಲ್ಲಿ ಬಂದ 20.22ರಿಂದ ಅದು ಹಾಗೆ. ಅದಕ್ಕಿಂತ ಹಿಂದಿನ ಪ್ರತಿಯನ್ನು ಹುಡುಕಿ ತಂದರು. ಪಿಪ್ ಕೂಡ 20.3.4 ಆಗಬೇಕಿತ್ತು, ಅದರ ಮುಂದಿನ 21.0ಕ್ಕೆ ಹಳೆಯ ಪೈಥಾನಿನ ಮಾತು ತಿಳಿಯದು. ಹಳೆಯ ಬೀಗಕ್ಕೆ ಹಳೆಯ ಕೀಲಿ, ಆ ಕೀಲಿ ಮಾಡಲು ಹಳೆಯ ಕಮ್ಮಾರ. ಕೆಲಸ ಮುಗಿಯುವವರೆಗೆ ಯಂತ್ರದ ಇಂಟರ್ನೆಟ್ ಸಂಪರ್ಕ ತೆಗೆದಿಟ್ಟಳು. 2020ರ ನಂತರ ಆ ಪೈಥಾನಿನಲ್ಲಿ ಕಂಡುಬರುವ ಬಿರುಕುಗಳಿಗೆ ಅದರ ಕರ್ತರು ಗಾರೆ ಹಾಕುತ್ತಿಲ್ಲವಾದ್ದರಿಂದ ಇದು ವಿವೇಕವೇ.

ಕಾರ್ಯಕ್ರಮವನ್ನು ಇದ್ದಂತೆಯೇ, ಒಂದು ಚುಕ್ಕೆಯನ್ನೂ ತಿದ್ದದೆ, ಆ ಕೋಣೆಯಲ್ಲಿ ನಡೆಸಿದಳು. ಹನ್ನೊಂದು ಕಡತಗಳು ಒಂದು ನಿಮಿಷವೂ ಹಿಡಿಯದೆ ಕನ್ನಡವಾದವು. ತಲೆಕಟ್ಟು ತಲೆಯ ಮೇಲೆ, ಅರ್ಕಾವೊತ್ತು ಸ್ವಸ್ಥಾನದಲ್ಲಿ. ಈಗ ಅವು ಯೂನಿಕೋಡಾದ್ದರಿಂದ ಇನ್ನೊಮ್ಮೆ ಆ ಹಳೆಯ ಕೋಣೆಯ ಬಾಗಿಲು ತೆರೆಯಬೇಕಾಗಿಲ್ಲ.

“ಈ ಯೂನಿಕೋಡಿನವರೂ ನಾಳೆ ಆವೃತ್ತಿ ಬದಲಿಸಿ ಕೈಕೊಟ್ಟರೆ?” ಎಂಬುದು ಮೇಷ್ಟರ ಸಂಶಯ. ನ್ಯಾಯವಾದ ಸಂಶಯವೇ. ಅದಕ್ಕೆ ಉತ್ತರ ಹಳಗನ್ನಡದ ಒಂದು ಅಕ್ಷರದಲ್ಲಿದೆ. ಈಗ ಬಳಕೆಯಿಂದ ಬಿದ್ದುಹೋಗಿರುವ ೞಕಾರಕ್ಕೆ ಯೂನಿಕೋಡು ಒಂದು ಮನೆ ಕೊಟ್ಟಿದೆ. ಆದರೆ ಬಾಗಿಲ ಮೇಲಿನ ಫಲಕದಲ್ಲಿ ಪ್ರಮಾದದಿಂದ ‘ಫ’ ಎಂಬ ಹೆಸರು ಬಿದ್ದಿದೆ. ತಪ್ಪೆಂದು ಅವರೇ ಒಪ್ಪಿ ಟಿಪ್ಪಣಿ ಹಾಕಿದ್ದಾರೆ. ಹೆಸರನ್ನು ಮಾತ್ರ ತಿದ್ದಿಲ್ಲ, ತಿದ್ದುವುದೂ ಇಲ್ಲ. ಒಮ್ಮೆ ಕೊಟ್ಟ ಸ್ಥಾನವನ್ನಾಗಲಿ ಹೆಸರನ್ನಾಗಲಿ ಬದಲಿಸಿದರೆ ಅದನ್ನು ನಂಬಿ ಬರೆದ ಕಾರ್ಯಕ್ರಮಗಳು ಮುರಿದಾವೆಂಬ ಭಯದಿಂದ, ಎಂದಿಗೂ ಬದಲಿಸೆವೆಂದು ಅವರು ವ್ರತ ತೊಟ್ಟಿದ್ದಾರೆ. ಪೈಥಾನಿನವರು ತಪ್ಪು ತಿದ್ದಲು ನಂಟು ಕಡಿದರು. ಇವರು ನಂಟಿಗಾಗಿ ತಪ್ಪನ್ನು ಸಹಿಸಿದರು. ಕೇಶಿರಾಜ ಇದ್ದಿದ್ದರೆ ಆ ಫಲಕವನ್ನು ಕಂಡು ಏನೆನ್ನುತ್ತಿದ್ದನೋ! ಮೇಷ್ಟರಂತೂ ನಕ್ಕು, “ನಾಮ ತಪ್ಪಿದರೂ ಮನೆ ಭದ್ರ” ಎಂದರು.

ರಾತ್ರಿ ಮಲಗುವ ಮೊದಲು ಹುಡುಗಿ ಎರಡೂ ಕೋಣೆಗಳಲ್ಲಿ ಏನೇನಿದೆ, ಯಾವ ಅಂಕಿಯದಿದೆ ಎಂಬ ಪಟ್ಟಿಯನ್ನು ಯಂತ್ರದಿಂದಲೇ ಬರೆಸಿ ಕಡತಗಳ ಪಕ್ಕದಲ್ಲಿಟ್ಟಳು. ಮೇಷ್ಟರಿಗೆ ಅಷ್ಟು ಸಾಲದೆ, ಅದನ್ನು ಕಾಗದದ ಮೇಲೆ ತಮ್ಮ ದುಂಡನೆಯ ಅಕ್ಷರದಲ್ಲಿ ನಕಲು ಮಾಡಿ, ಪೆನ್ ಡ್ರೈವಿರುವ ತಗಡಿನ ಡಬ್ಬಿಯಲ್ಲಿ ಮಡಿಸಿಟ್ಟರು.

ಮುಂದಿನ ಭಾನುವಾರ ಇಬ್ಬರೂ ಕುಣಿಗಲಿಗೆ ಹೋದರು. ಮೊಬೈಲಿನಲ್ಲಿ ಅಕ್ಷರವನ್ನು ದೊಡ್ಡದು ಮಾಡಿ ಹುಡುಗಿ ಒಂದು ಸೋಬಾನೆ ಪದವನ್ನು ನಿಧಾನವಾಗಿ ಓದತೊಡಗಿದಳು. ಅಜ್ಜಿ ಕಣ್ಣು ಮುಚ್ಚಿ, ತುಟಿಯಲ್ಲಿಯೇ ಜೊತೆಗೂಡುತ್ತಿದ್ದರು. ಮೂರನೆಯ ಸಾಲಿಗೆ ಥಟ್ಟನೆ ಕಣ್ಣು ತೆರೆದು ತಮ್ಮನ ಕಡೆ ತಿರುಗಿದರು.

“ಬೆಳ್ಳಿ ಅಲ್ಲ ಕಣೋ, ಬಳ್ಳಿ. ಬಳ್ಳಿ ಅಂತ ಹಾಡಿದ್ದು ನಾನು.”

ಅದು 2003ರಲ್ಲಿ ಅಂಗಡಿಯ ಬೆರಳಚ್ಚಿನಲ್ಲಿ ನುಸುಳಿದ ತಪ್ಪು. ಹುಡುಗಿ ಅಲ್ಲಿಯೇ ತಿದ್ದಿ, ಮುಂದಿನ ಸಾಲು ಓದಿದಳು.